ಬಿಟ್ಟಿ ಸ್ಪ್ಲಾಶ್ ಪ್ಯಾಡ್: ಮಕ್ಕಳನ್ನು ನೀರಿಗೆ ಬಿಡುವ ಮುನ್ನ

ಪ್ರಶ್ನೆ: ನಾವು ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಹದಿನಾಲ್ಕು ತಿಂಗಳು. ಬೇಸಿಗೆ ರಜೆ ಶುರುವಾದಾಗಿನಿಂದ ಮಗಳು ದಿನಾ ಸ್ಪ್ಲಾಶ್ ಪ್ಯಾಡ್‌ಗೆ (ನೆಲದಿಂದ, ಪೈಪುಗಳಿಂದ ನೀರು ಚಿಮ್ಮುವ ಪಾರ್ಕಿನ ಆಟದ ಜಾಗ) ಹೋಗೋಣ ಅಂತ ಹಟ ಹಿಡಿಯುತ್ತಾಳೆ. ದುಡ್ಡು ಕೊಡಬೇಕಾಗಿಲ್ಲ, ಆಳದ ನೀರಿಲ್ಲ, ಹಾಗಾಗಿ ನನಗೂ ಇಷ್ಟ. ಆದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದಾವಣಗೆರೆಯಿಂದ ಬಂದಿರುವ ಅತ್ತೆ, ಉರಿಬಿಸಿಲಲ್ಲಿ ತಣ್ಣೀರಲ್ಲಿ ನೆಂದರೆ ನೆಗಡಿ, ಜ್ವರ ಗ್ಯಾರಂಟಿ ಅಂತಾರೆ. ನಮ್ಮ ಯಜಮಾನರು, ಬಿಟ್ಟಿ ಜಾಗ ಅಂದಮೇಲೆ ನೀರೂ ಕೊಳಕೇ, ದುಡ್ಡು ಕೊಟ್ಟು ವಾಟರ್ ಪಾರ್ಕ್‌ಗೆ ಹೋಗೋಣ ಅಂತಾರೆ. ಇದರ ಮಧ್ಯೆ, ಇಲ್ಲೇ ಹತ್ತಿರದ ಆರ್ಲಿಂಗ್ಟನ್‌ನಲ್ಲಿ ಸ್ಪ್ಲಾಶ್ ಪ್ಯಾಡ್‌ನಿಂದಲೇ ಮೆದುಳು ತಿನ್ನುವ ಅಮೀಬಾ ತಗುಲಿ ಒಂದು ಮಗು ತೀರಿಕೊಂಡಿತ್ತು ಅನ್ನುವ ವಾಟ್ಸ್‌ಆ್ಯಪ್ ಸಂದೇಶ ಬಂತು. ಅಂದಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಇನ್ನೊಂದು ವಿಷಯ: ಮಗನಿಗೆ ನಾಲ್ಕು ದಿನ ಭೇದಿಯಾಗಿತ್ತು, ನಿಂತು ಐದು ದಿನವಾಯಿತು. ಸ್ವಿಮ್ ಡಯಾಪರ್ ಹಾಕಿ ಕರೆದುಕೊಂಡು ಹೋಗಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ಈ ವಾರವೇ ತೀರ್ಮಾನವಾಗಬೇಕಾದದ್ದು. ಮಗನನ್ನು ಈಗ ನೀರಿಗೆ ಬಿಡಬೇಡಿ. ಭೇದಿ ನಿಂತ ದಿನದಿಂದ ಪೂರ್ತಿ ಎರಡು ವಾರ ಕಳೆಯಲಿ, ಅಂದರೆ ಇನ್ನೂ ಒಂಬತ್ತು ದಿನ. ಮಗಳಿಗೆ ಹೊಟ್ಟೆ ಸರಿ ಇದ್ದರೆ ಅವಳನ್ನು ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ಈ ಎರಡು ವಾರದ ಲೆಕ್ಕ ಎಲ್ಲಿಂದ ಬಂತು ಎನ್ನುವುದು ಮುಂದೆ ತಿಳಿಯುತ್ತದೆ.

ನಿಮ್ಮ ಮನೆಯಲ್ಲಿ ಮೂರು ಭಯಗಳಿವೆ: ಅಮೀಬಾ, ಕೊಳಕು ನೀರು, ನೆಗಡಿ. ನಿದ್ದೆ ಕೆಡಿಸಿರುವ ಮೊದಲನೆಯದು ಅತ್ಯಂತ ಅಪರೂಪದ್ದು. ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಬಿಟ್ಟಿ ಎನ್ನುವುದಕ್ಕೂ ಕೊಳಕಿಗೂ ಸಂಬಂಧವಿಲ್ಲ. ಈ ಜಾಗಗಳಿಂದ ಮಕ್ಕಳು ನಿಜವಾಗಿ ಮನೆಗೆ ಹೊತ್ತು ತರುವ ಕಾಯಿಲೆ ಭೇದಿ, ಮತ್ತದು ಬರುವುದು ಬಾಯಿಗೆ ಹೋದ ನೀರಿನಿಂದ.

ಆರ್ಲಿಂಗ್ಟನ್ ಸಂಗತಿ ಸುಳ್ಳಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಡಾನ್ ಮೈಸೆನ್‌ಹೈಮರ್ ಪಾರ್ಕ್‌ನ ಸ್ಪ್ಲಾಶ್ ಪ್ಯಾಡ್‌ನಲ್ಲಿ ಆಡಿದ್ದ ಮಗುವೊಂದು ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾದಿಂದ ತೀರಿಕೊಂಡಿತು. ನೀರಿನ ಮಾದರಿಯಲ್ಲೂ ಅದೇ ಅಮೀಬಾ ಸಿಕ್ಕಿತು. ನಗರಾಡಳಿತ ದಾಖಲೆಗಳನ್ನು ತೆಗೆದು ನೋಡಿದಾಗ, ಆ ಮಗು ಅಲ್ಲಿಗೆ ಹೋಗಿದ್ದ ಮೂರು ದಿನಗಳ ಪೈಕಿ ಎರಡು ದಿನ ಕ್ಲೋರಿನ್ ಪ್ರಮಾಣವನ್ನು ಬರೆದಿಟ್ಟೇ ಇರಲಿಲ್ಲ. ಈ ಅಮೀಬಾ ಕ್ಲೋರಿನ್ ತಾಳಿಕೊಳ್ಳುವ ಜೀವಿಯಲ್ಲ. ಸರಿಯಾಗಿ ಕ್ಲೋರಿನ್ ಕಾಯ್ದುಕೊಂಡ ನೀರಿನಲ್ಲಿ ಅದು ಉಳಿಯುವುದಿಲ್ಲ. ಬೆಚ್ಚಗಿನ ಸಿಹಿನೀರು, ಕ್ಲೋರಿನ್ ಇಲ್ಲದಿರುವುದು, ಆ ನೀರು ರಭಸದಿಂದ ಮೂಗಿನೊಳಕ್ಕೆ ಏರುವುದು, ಈ ಮೂರೂ ಒಟ್ಟಿಗೆ ಸೇರಬೇಕು. ಕುಡಿದರೆ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇಡೀ ಅಮೆರಿಕದಲ್ಲಿ 1962ರಿಂದ 2023ರವರೆಗೆ ದಾಖಲಾದ ಪ್ರಕರಣಗಳು 164. ಬದುಕುಳಿದವರು ನಾಲ್ಕೇ ಜನ ಎನ್ನುವುದು ಎದೆ ನಡುಗಿಸುತ್ತದೆ, ಆದ್ದರಿಂದಲೇ ಈ ಸುದ್ದಿ ಇಷ್ಟು ಬೇಗ ಹರಡುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಕೆರೆ, ಹೊಳೆಗಳಲ್ಲಿ ಈಜಿದ್ದರಿಂದ ಬಂದವು. ಸ್ಪ್ಲಾಶ್ ಪ್ಯಾಡ್ ಬೇಡವೆಂದು ಆಗಸ್ಟ್ ತಿಂಗಳಲ್ಲಿ ಬೆಚ್ಚಗಾದ ಕೆರೆಗೆ ಮಕ್ಕಳನ್ನು ಕರೆದೊಯ್ದರೆ ಆ ಅಪಾಯಕ್ಕೆ ಇನ್ನಷ್ಟು ಹತ್ತಿರವಾದಂತೆ.

ಮಾಡಬೇಕಾದದ್ದು ಇಷ್ಟು. ನೆಲದಿಂದ ಮೇಲಕ್ಕೆ ಚಿಮ್ಮುವ ಧಾರೆಯ ಮೇಲೆ ಮಕ್ಕಳು ಮುಖ ಬಗ್ಗಿಸದಂತೆ ನೋಡಿಕೊಳ್ಳಿ. ಧಾರೆ ಹುಟ್ಟುವ ತೂತಿನೊಳಗೆ ಇಣುಕಿ ನೋಡುವುದು ನಾಲ್ಕೈದು ವರ್ಷದ ಮಕ್ಕಳ ಮಾಮೂಲಿ ಆಟ. ನೀರು ಟೈಮರ್ ಮೇಲೆ ನಿಂತು ಮತ್ತೆ ಚಿಮ್ಮುವ ಆ ಕ್ಷಣವೇ ಮೂಗಿಗೆ ನೇರವಾಗಿ ಹೊಡೆಯುವುದು. ನೀರಾಟವಾಡಿ ಹನ್ನೆರಡು ದಿನದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿಯುವುದು ಕಂಡರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ, ಮೂಗಿಗೆ ನೀರು ಹೋಗಿತ್ತೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಹಾಗೆಯೇ ಇನ್ನೊಂದು ಮಾತು: ಅತ್ತೆಯವರಿಗೋ ನಿಮಗೋ ಜಲನೇತಿ ಮಾಡುವ ಅಭ್ಯಾಸವಿದ್ದರೆ ನಲ್ಲಿ ನೀರನ್ನು ಹಾಗೇ ಮೂಗಿಗೆ ಬಿಡಬೇಡಿ. 2011ರಲ್ಲಿ ಲೂಯಿಸಿಯಾನಾದಲ್ಲಿ ಇಬ್ಬರು ಇದೇ ಅಮೀಬಾದಿಂದ ಸತ್ತದ್ದು ಮನೆಯ ನಲ್ಲಿ ನೀರನ್ನು ನೇತಿ ಪಾತ್ರೆಯಲ್ಲಿ ಬಳಸಿ. ಕನಿಷ್ಠ ಒಂದು ನಿಮಿಷ ಕುದಿಸಿ ಆರಿಸಿದ ನೀರು ಅಥವಾ ಅಂಗಡಿಯ ಡಿಸ್ಟಿಲ್ಡ್ ನೀರೇ ಆಗಬೇಕು.

ಇನ್ನು ಭೇದಿಯ ವಿಚಾರ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1997ರಿಂದ 2022ರವರೆಗಿನ ಲೆಕ್ಕ ತೆಗೆದಿದೆ. ಸ್ಪ್ಲಾಶ್ ಪ್ಯಾಡ್‌ಗಳಿಗೆ ತಳುಕು ಹಾಕಿಕೊಂಡು 60 ಬಾರಿ ರೋಗ ಹರಡಿದೆ, ಕಾಯಿಲೆ ಬಿದ್ದವರು 10,611. ಈ 60ರಲ್ಲಿ 40ಕ್ಕೆ ಕಾರಣ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ, ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಇದರವರೇ. ಇಲ್ಲಿನ ವೈದ್ಯರು ಅದನ್ನು ಕ್ರಿಪ್ಟೋ ಎಂದಷ್ಟೇ ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ. ಇದರ ಬೀಜಕೋಶಕ್ಕೆ ಗಟ್ಟಿ ಚಿಪ್ಪಿದೆ. ಸರಿಯಾಗಿ ಕ್ಲೋರಿನ್ ಇರುವ ನೀರಿನಲ್ಲಿ ಇ.ಕೋಲೈ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ, ಭೇದಿ ತರುವ ಇನ್ನೊಂದು ಪರಾವಲಂಬಿ ಜಿಯಾರ್ಡಿಯಾ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ, ಕ್ರಿಪ್ಟೋ ಸಾಯಲು ಹತ್ತು ದಿನಕ್ಕೂ ಹೆಚ್ಚು ಬೇಕು. ಅದರ ಗಾತ್ರ 4ರಿಂದ 6 ಮೈಕ್ರಾನ್, ಮಾಮೂಲಿ ಮರಳಿನ ಫಿಲ್ಟರ್ ಅದನ್ನು ಪೂರ್ತಿ ಹಿಡಿಯಲಾರದು. ಹತ್ತು ಬೀಜಕೋಶ ಹೊಟ್ಟೆ ಸೇರಿದರೂ ಸಾಕು, ಕಾಯಿಲೆ ಬರುತ್ತದೆ. ರೋಗವಿರುವ ಮಗು ಒಂದು ಸಲ ಭೇದಿ ಮಾಡಿಕೊಂಡರೆ ಹೊರಬರುವುದು ಕೋಟಿಗಟ್ಟಲೆ. ಭೇದಿ ನಿಂತು ಮಗು ಆಡಿಕೊಂಡಿದ್ದರೂ ಎರಡು ವಾರದವರೆಗೆ ಬೀಜಕೋಶ ಹೊರಬೀಳುತ್ತಲೇ ಇರಬಹುದು.

ನಿಮ್ಮ ಮಗನಿಗೆ ಎರಡು ವಾರ ಹೇಳಿದ್ದು ಇದಕ್ಕೇ. ಅವನ ಭೇದಿ ಬೇರೆ ಯಾವುದೋ ವೈರಸ್‌ನಿಂದ ಬಂದಿದ್ದಿರಬಹುದು, ಆದರೆ ಪರೀಕ್ಷೆ ಮಾಡಿಸಿಲ್ಲವಾದ್ದರಿಂದ ಕ್ರಿಪ್ಟೋ ಎಂದೇ ಭಾವಿಸಿ ನಡೆಯುವುದು ಒಳ್ಳೆಯದು. ಸ್ವಿಮ್ ಡಯಾಪರ್ ಇದನ್ನು ತಡೆಯುವುದಿಲ್ಲ. ಒಂದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ: ಮಾಮೂಲಿ ಡಯಾಪರ್‌ನಲ್ಲಿ ನೀರು ಹೀರಿ ಉಬ್ಬುವ ಪುಡಿ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಕಾಲಿನ ಸುತ್ತ ಎಲಾಸ್ಟಿಕ್ ಬಿಗಿಯಾಗಿದೆ, ಅಷ್ಟೇ. ಗಟ್ಟಿ ಮಲ ಜಾರಿ ಬೀಳದಂತೆ ಅದು ಹಿಡಿದಿಡುತ್ತದೆ. ಉಚ್ಚೆಯೂ ನೀರುನೀರಾದ ಭೇದಿಯೂ ಬಟ್ಟೆಯ ಮೂಲಕ ಸೋರಿಹೋಗುತ್ತವೆ. ಅದೇ ಡಯಾಪರ್ ತೊಟ್ಟ ಮಗು ಚಿಮ್ಮುವ ಧಾರೆಯ ಮೇಲೆ ಕುಕ್ಕರಬಡಿದು ಕೂತರೆ ನೀರು ಒಳಹೊಕ್ಕು ಎಲ್ಲವನ್ನೂ ತೊಳೆದುಕೊಂಡು ಕೆಳಗೆ ಹರಿಯುತ್ತದೆ. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ ಎನ್ನುವುದೇ ಮುಖ್ಯ.

ಸ್ಪ್ಲಾಶ್ ಪ್ಯಾಡ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ನಗರದ ಕುಡಿಯುವ ನೀರು ನೇರ ಪೈಪಿನಿಂದ ಬಂದು, ಒಮ್ಮೆ ಚಿಮ್ಮಿ, ಚರಂಡಿಗೋ ಪಾರ್ಕಿನ ಹುಲ್ಲಿಗೋ ಹೋಗುತ್ತದೆ. ಒಬ್ಬರ ಮೈ ತೊಳೆದ ನೀರು ಇನ್ನೊಬ್ಬರ ಬಾಯಿಗೆ ಬರುವುದು ತೀರಾ ಕಡಿಮೆ. ಇದರ ದೋಷವೆಂದರೆ ನೀರಿನ ಖರ್ಚು. ಬರಗಾಲ ಬಂದರೆ ಟೆಕ್ಸಸ್‌ನ ನಗರಗಳು ಇವನ್ನು ಬಂದ್ ಮಾಡುವುದುಂಟು. ಇನ್ನೊಂದು ಜಾತಿಯಲ್ಲಿ ನೆಲದಡಿ ಒಂದು ತೊಟ್ಟಿಯಿರುತ್ತದೆ. ಮಕ್ಕಳ ಮೈಮೇಲೆ ಬಿದ್ದ ನೀರು ಜಾಲರಿಯ ಮೂಲಕ ಆ ತೊಟ್ಟಿಗಿಳಿದು, ಫಿಲ್ಟರ್ ಹಾದು, ಕ್ಲೋರಿನ್ ಬೆರೆತು, ಪಂಪ್‌ನಿಂದ ಮತ್ತೆ ಮೇಲೆ ಚಿಮ್ಮುತ್ತದೆ. ದಿನವಿಡೀ ಅದೇ ನೀರು. ಈಜುಕೊಳದ ನೀರೂ ಹೀಗೇ ಸುತ್ತುತ್ತದಲ್ಲ ಎನ್ನಬಹುದು. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಈಜುಕೊಳದ ನೀರಿನ ಒಂದು ಸಣ್ಣ ಪಾಲು ಮಾತ್ರ ಈ ತೊಟ್ಟಿಯಲ್ಲಿದೆ, ಆಡುವ ಮಕ್ಕಳು ಅಷ್ಟೇ ಜನ, ಅವರಲ್ಲಿ ಹಲವರು ಡಯಾಪರ್ ಬಿಡದವರು. ಮೇಲಾಗಿ, ನೀರು ಗಾಳಿಯಲ್ಲಿ ತುಂತುರಾಗಿ ಒಡೆದಾಗ ಕ್ಲೋರಿನ್ ಹಾರಿಹೋಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಇನ್ನಷ್ಟನ್ನು ಒಡೆಯುತ್ತದೆ. ಸ್ಥಿರಕಾರಕ (ಬಿಸಿಲಿನಿಂದ ಕ್ಲೋರಿನ್ ಕಾಯುವ ರಾಸಾಯನಿಕ) ಬೆರೆಸದ ಕ್ಲೋರಿನ್ ನೆತ್ತಿಯ ಬಿಸಿಲಿಗೆ ಒಂದೆರಡು ಗಂಟೆಯಲ್ಲಿ ಬಹುಪಾಲು ಖಾಲಿ. ಮಕ್ಕಳ ಮೈಯ ಬೆವರು, ಮಣ್ಣು, ಸನ್‌ಸ್ಕ್ರೀನ್ ಉಳಿದದ್ದನ್ನು ತಿನ್ನುತ್ತವೆ. ಅಂದರೆ ಜನ ಹೆಚ್ಚಿ ಕ್ಲೋರಿನ್ ಅತಿ ಹೆಚ್ಚು ಬೇಕಾಗುವ ಮಧ್ಯಾಹ್ನದ ಹೊತ್ತಿಗೇ ಅದು ಅತಿ ಕಡಿಮೆಯಾಗಿರುತ್ತದೆ.

ರೋಗ ಹರಡಿದ ಕಡೆಯೆಲ್ಲ ತನಿಖೆ ಮುಟ್ಟುವುದು ಈ ತೊಟ್ಟಿಯ ಬುಡಕ್ಕೇ. 1999ರಲ್ಲಿ ಫ್ಲಾರಿಡಾದ ಕಡಲತೀರದ ಪಾರ್ಕ್ ಒಂದರಲ್ಲಿ 44 ಜನ ಕಾಯಿಲೆ ಬಿದ್ದಾಗ, ತೀರಿಹೋದ ಕ್ಲೋರಿನ್ ಮಾತ್ರೆಗಳನ್ನು ಮತ್ತೆ ತುಂಬಿರಲಿಲ್ಲ. 2021ರ ಜೂನ್‌ನಲ್ಲಿ ಕಾನ್ಸಾಸ್‌ನ ವನ್ಯಜೀವಿ ಉದ್ಯಾನವೊಂದರ ಸ್ಪ್ಲಾಶ್ ಪ್ಯಾಡ್‌ನಿಂದ 27 ಜನಕ್ಕೆ ವಾಂತಿ, ಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಮತ್ತು ನೊರೋವೈರಸ್ ತಗುಲಿದವು. ಅಲ್ಲಿ ರಾತ್ರಿ ಪಂಪ್ ನಿಲ್ಲಿಸುತ್ತಿದ್ದರು, ನೀರು ಫಿಲ್ಟರ್ ಆಗದೆ, ಕ್ಲೋರಿನ್ ಕಾಣದೆ ತೊಟ್ಟಿಯಲ್ಲೇ ನಿಂತಿರುತ್ತಿತ್ತು, ಕ್ಲೋರಿನ್ ಅಳೆದು ತಾನೇ ಸುರಿಯುವ ಯಂತ್ರವೂ ಇರಲಿಲ್ಲ. ಅದು ಟಿಕೆಟ್ ತೆಗೆದುಕೊಂಡು ಹೋಗುವ ಜಾಗ ಎನ್ನುವುದನ್ನು ನಿಮ್ಮ ಯಜಮಾನರಿಗೆ ಹೇಳಿ. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಲೇಕ್ ಉದ್ಯಾನದಲ್ಲಿ ಸಾವಿರಾರು ಜನಕ್ಕೆ ಕ್ರಿಪ್ಟೋ ಬಂದಮೇಲೆ ಆ ರಾಜ್ಯ ಇಂಥ ತೊಟ್ಟಿಗಳಿಗೆ ಯುವಿ (ಅತಿನೇರಳೆ) ದೀಪ ಕಡ್ಡಾಯ ಮಾಡಿತು. ನೀರು ಆ ದೀಪದ ಮುಂದೆ ಹಾದುಹೋಗುವಾಗ ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೋ ನಿಷ್ಕ್ರಿಯವಾಗುತ್ತದೆ. ಆದರೆ ಎಲ್ಲ ಕಡೆ ಈ ನಿಯಮವಿಲ್ಲ. ನೀರು ನಿಲ್ಲುವುದಿಲ್ಲವಲ್ಲ ಎಂಬ ಕಾರಣಕ್ಕೆ ಸ್ಪ್ಲಾಶ್ ಪ್ಯಾಡ್‌ಗಳನ್ನು ಈಜುಕೊಳದ ನಿಯಮಗಳಿಂದ ಹೊರಗಿಟ್ಟ ಆಡಳಿತಗಳೂ ಈ ದೇಶದಲ್ಲಿವೆ, ನನ್ನ ದೃಷ್ಟಿಯಲ್ಲಿ ಇದು ದೊಡ್ಡ ತಪ್ಪು.

ಹಾಗಾಗಿ ನಿಮ್ಮ ಹತ್ತಿರದ ಪ್ಯಾಡ್ ಯಾವ ಜಾತಿಯದು ಎಂದು ಮೊದಲು ತಿಳಿದುಕೊಳ್ಳಿ. ನಗರದ ಪಾರ್ಕ್ ಇಲಾಖೆಗೆ ಫೋನ್ ಮಾಡಿ ಮೂರು ಮಾತು ಕೇಳಿ: ನೀರು ಮರುಬಳಕೆಯದೋ, ಒಮ್ಮೆ ಬಳಸಿ ಬಿಡುವುದೋ? ಮರುಬಳಕೆಯದಾದರೆ ಯುವಿ ಇದೆಯೋ? ಕ್ಲೋರಿನ್ ದಿನಕ್ಕೆ ಎಷ್ಟು ಸಲ ನೋಡುತ್ತಾರೆ, ಇವತ್ತಿನ ಅಂಕಿ ಎಷ್ಟು? ಚೆನ್ನಾಗಿ ನಡೆಸುವವರು ಈ ಪ್ರಶ್ನೆಗೆ ಬೇಸರ ಪಡುವುದಿಲ್ಲ, ಅಂಕಿ ಅವರ ಪುಸ್ತಕದಲ್ಲೇ ಇರುತ್ತದೆ. ಸ್ಥಳದಲ್ಲಿ ನೋಡಿದರೂ ಒಂದಿಷ್ಟು ಸುಳಿವು ಸಿಗುತ್ತದೆ. ಪಕ್ಕದಲ್ಲೇ ಪಂಪ್ ಮನೆ ಅಥವಾ ಬೀಗ ಹಾಕಿದ ನೆಲಮುಚ್ಚಳ ಇದ್ದರೆ, ನೀರು ಕುಡಿಯಬೇಡಿ ಎಂಬ ಬೋರ್ಡ್ ಇದ್ದರೆ ಸಾಮಾನ್ಯವಾಗಿ ಮರುಬಳಕೆಯದು. ಕ್ಲೋರಿನ್ ವಾಸನೆ ಗಮ್ಮೆಂದು ಬಂದರೆ ನೀರು ಶುದ್ಧ ಎಂದುಕೊಳ್ಳಬೇಡಿ. ಕಣ್ಣುರಿಸುವ ಆ ಘಾಟು ಕ್ಲೋರಿನ್ ಉಚ್ಚೆ, ಬೆವರಿನ ಜೊತೆ ಸೇರಿ ಆಗುವ ಕ್ಲೋರಮೈನ್‌ನದು. ಕೆಲಸ ಮಾಡಬೇಕಾದ ಕ್ಲೋರಿನ್ ಕೊಳೆಗೇ ಖರ್ಚಾಗುತ್ತಿದೆ ಎನ್ನುವುದರ ಗುರುತು ಅದು.

ಅಂಗಡಿಯಲ್ಲಿ ಸಿಗುವ ಈಜುಕೊಳದ ಟೆಸ್ಟ್ ಸ್ಟ್ರಿಪ್ ಒಂದು ಡಬ್ಬಿ ತಂದಿಟ್ಟುಕೊಂಡರೆ ಉಪಯೋಗವಿದೆ, ಓದಲು ಗೊತ್ತಿದ್ದರೆ ಮಾತ್ರ. ನೆಲದ ಮೇಲೆ ನಿಂತ ನೀರಿಗೆ ಅದ್ದಬೇಡಿ. ಚಿಮ್ಮುವ ಧಾರೆಯಿಂದ ಒಂದು ಶುದ್ಧ ಲೋಟಕ್ಕೆ ಹಿಡಿದು ತಕ್ಷಣ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡ್ ಕಾದು, ತಂಪು ಕನ್ನಡಕ ತೆಗೆದು ಬಣ್ಣ ಹೋಲಿಸಿ. ಮರುಬಳಕೆಯ ನೀರಿನಲ್ಲಿ ಫ್ರೀ ಕ್ಲೋರಿನ್ (ಇನ್ನೂ ಖರ್ಚಾಗದೆ ಉಳಿದ ಕ್ಲೋರಿನ್) ಕನಿಷ್ಠ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ, ಇರಬೇಕು, ಸ್ಥಿರಕಾರಕ ಬೆರೆಸಿದ್ದರೆ 2. ನೀರಿನ ಆಮ್ಲ, ಕ್ಷಾರದ ಅಳತೆಯಾದ ಪಿಎಚ್ 7.0ರಿಂದ 7.8ರೊಳಗೆ. ಪಿಎಚ್ ಯಾಕೆ ನೋಡಬೇಕೆಂದರೆ, ಅದು 7.5 ಇದ್ದಾಗ ಕ್ಲೋರಿನ್‌ನ ಸುಮಾರು ಅರ್ಧ ಭಾಗ ರೋಗಾಣು ಕೊಲ್ಲುವ ಬಲದ ರೂಪದಲ್ಲಿರುತ್ತದೆ, 8 ಮುಟ್ಟಿದರೆ ಕಾಲು ಭಾಗಕ್ಕೆ ಇಳಿಯುತ್ತದೆ.

ಇಲ್ಲೊಂದು ಕಡೆ ನಿಮ್ಮ ಊರಿನವರು ಎಡವುತ್ತಾರೆ. ಪ್ಲೇನೋ, ಫ್ರಿಸ್ಕೋ, ಮೆಕಿನಿ, ಆ್ಯಲನ್‌ಗೆಲ್ಲ ನೀರು ಕೊಡುವ ಉತ್ತರ ಟೆಕ್ಸಸ್ ಜಲ ಸಂಸ್ಥೆ ವರ್ಷದ ಹೆಚ್ಚಿನ ಕಾಲ ಕುಡಿಯುವ ನೀರಿಗೇ ರೋಗಾಣು ಕೊಲ್ಲಲೆಂದು ಕ್ಲೋರಮೈನ್ ಬೆರೆಸಿ ಕಳಿಸುತ್ತದೆ. ಒಮ್ಮೆ ಬಳಸಿ ಬಿಡುವ ಪ್ಯಾಡ್‌ನಲ್ಲಿ ಈ ನೀರಿಗೆ ಸ್ಟ್ರಿಪ್ ಅದ್ದಿದರೆ ಫ್ರೀ ಕ್ಲೋರಿನ್ ಚೌಕ ಬಣ್ಣವೇ ಹಿಡಿಯದಿರಬಹುದು, ಪಕ್ಕದ ಟೋಟಲ್ ಕ್ಲೋರಿನ್ (ಫ್ರೀ ಮತ್ತು ಕ್ಲೋರಮೈನ್ ಎರಡೂ ಸೇರಿದ ಲೆಕ್ಕ) ಚೌಕ ಮಾತ್ರ ಗಾಢವಾಗುತ್ತದೆ. ಆಗ ಗಾಬರಿಯಾಗಬೇಡಿ, ನಿಮ್ಮ ಅಡುಗೆಮನೆಯ ನಲ್ಲಿ ನೀರನ್ನೂ ಅದ್ದಿ ನೋಡಿ, ಎರಡೂ ಒಂದೇ ರೀತಿ ಇದ್ದರೆ ಅದು ನಲ್ಲಿ ನೀರೇ. ಆದರೆ ತೊಟ್ಟಿಯ ನೀರಿನಲ್ಲಿ ಇದೇ ಬಣ್ಣ ಕಂಡರೆ, ಫ್ರೀ ಸೊನ್ನೆ, ಟೋಟಲ್ ಜಾಸ್ತಿ ಎಂದಾದರೆ, ಮಕ್ಕಳನ್ನು ಕರೆದುಕೊಂಡು ಹೊರಟುಬಿಡಿ, ಬೋರ್ಡ್ ಮೇಲಿನ ಸಂಖ್ಯೆಗೆ ಫೋನ್ ಮಾಡಿ ಹೇಳಿ. ಪ್ಯಾಡ್ ಯಾವ ಜಾತಿ ಎಂದು ಗೊತ್ತಿಲ್ಲದೆ ಸ್ಟ್ರಿಪ್ ಅದ್ದಿ ಪ್ರಯೋಜನವಿಲ್ಲ. ಇನ್ನು ಕ್ರಿಪ್ಟೋ ಇದೆಯೋ ಇಲ್ಲವೋ ಎಂದು ಯಾವ ಸ್ಟ್ರಿಪ್ಪೂ ಹೇಳುವುದಿಲ್ಲ.

ಅದಕ್ಕೆ ಉಳಿದ ದಾರಿ ಬಾಯಿ ಕಾಯುವುದು. ಬರೀ ನೀರು ಕುಡಿಯಬೇಡ ಎಂದರೆ ನಾಲ್ಕೂವರೆ ವರ್ಷದ ಮಗುವಿಗೆ ಅರ್ಥವಾಗದು, ಬಾಯಿ ತೆರೆದು ಧಾರೆ ಹಿಡಿಯುವುದು ಅವಳ ಪಾಲಿಗೆ ಕುಡಿಯುವುದಲ್ಲ. ಬಾಯಿಗೆ ಬಂದ ನೀರನ್ನು ಪಿಚಕಾರಿಯಂತೆ ಉಗುಳುವುದನ್ನು ಮನೆಯ ಬಾತ್‌ರೂಮಿನಲ್ಲೇ ಆಟವಾಗಿ ಕಲಿಸಿ. ಬಾಯಾರಿದ ಮಗು ಸಿಕ್ಕ ನೀರು ಕುಡಿಯುತ್ತದೆ, ಆದ್ದರಿಂದ ನೀರಿಗಿಳಿಯುವ ಮೊದಲೇ ಹೊಟ್ಟೆ ತುಂಬ ನೀರು ಕುಡಿಸಿ. ಮನೆಯಿಂದ ಹೊರಡುವ ಮುನ್ನ ಒಂದು ನಿಮಿಷ ಸೋಪು ಹಚ್ಚಿ ಕುಂಡಿ ತೊಳೆದು ಸ್ನಾನ ಮಾಡಿಸಿ. ನಾವು ನೀರು ಬಳಸಿ ತೊಳೆಯುವವರು, ಈ ಅಭ್ಯಾಸ ಇಲ್ಲಿ ಎಲ್ಲರಿಗೂ ಇಲ್ಲ; ಒರೆಸಿಕೊಂಡ ಮೈಯಿಂದ ನೀರಿಗೆ ಸೇರುವ ಮಲದಂಶ ಸರಾಸರಿ 0.14 ಗ್ರಾಂ ಎಂಬ ಅಂದಾಜಿದೆ. ಗಂಟೆಗೊಮ್ಮೆ ಮಗಳನ್ನು ಟಾಯ್ಲೆಟ್‌ಗೆ ಕರೆದೊಯ್ಯಿರಿ. ಮುಂದೆ ಮಗನನ್ನು ಕರೆದುಕೊಂಡು ಬಂದಾಗ ಅರ್ಧ ಗಂಟೆಗೊಮ್ಮೆ ಡಯಾಪರ್ ನೋಡಿ. ಬದಲಿಸುವುದು ಬಾತ್‌ರೂಮಿನಲ್ಲಿ, ಪ್ಯಾಡ್‌ನ ಅಂಚಿನ ಬೆಂಚಿನ ಮೇಲಲ್ಲ. ಚಕ್ಕುಲಿ, ಕೋಡುಬಳೆ ಡಬ್ಬಿ ತೆರೆಯುವ ಮೊದಲು ಕೈಗೆ ಸೋಪು, ನೀರು ಬೇಕೇ ಬೇಕು. ಸ್ಯಾನಿಟೈಸರ್ ಕ್ರಿಪ್ಟೋವನ್ನು ಕೊಲ್ಲುವುದಿಲ್ಲ, ನೊರೋವೈರಸ್ ಮೇಲೂ ಅದರ ಬಲ ಸಾಲದು.

ಅತ್ತೆಯವರ ಮಾತಿಗೆ ಬರೋಣ. ನೆಗಡಿ ಬರುವುದು ವೈರಸ್‌ನಿಂದ, ತಣ್ಣೀರಿನಿಂದಲ್ಲ. ಹತ್ತಾರು ಮಕ್ಕಳು ಸೇರಿದ ಜಾಗದಲ್ಲಿ ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಮನೆಗೆ ಬಂದಮೇಲೆ ಮೂಗು ಸೋರಿದರೆ ನೀರಿನ ಮೇಲೆ ಗೂಬೆ ಕೂರುತ್ತದೆ. ಆದರೂ ಬಿಸಿಲಿನ ಬಗ್ಗೆ ಅವರಿಗಿರುವ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ನೆಂದ ಮಗುವಿಗೆ ಸೆಕೆಯಾಗುವುದಿಲ್ಲವಾದ್ದರಿಂದ ಆಟ ನಿಲ್ಲಿಸುವುದಿಲ್ಲ. ಒಳಗೆ ಬೆವರು ಹರಿಯುತ್ತಲೇ ಇರುತ್ತದೆ, ನೆಂದ ಮೈಯಲ್ಲಿ ಅದು ಕಾಣುವುದಿಲ್ಲ. ಗಾಳಿ ಒಣಗಿದ್ದರೆ ಮೈಮೇಲಿನ ನೀರು ಆವಿಯಾಗಿ ತಂಪು ಕೊಡುತ್ತದೆ, ಮಳೆ ಬಂದು ಹೋದ ಮರುದಿನ ಗಾಳಿ ತೇವಗೊಂಡಿದ್ದರೆ ಆ ತಂಪು ಅಷ್ಟಾಗಿ ಸಿಗದು. ಇಪ್ಪತ್ತು ನಿಮಿಷ ನೀರು, ಹತ್ತು ನಿಮಿಷ ನೆರಳು, ಈ ಲೆಕ್ಕಕ್ಕೆ ಫೋನಿನಲ್ಲಿ ಅಲಾರಂ ಇಡಿ. ನೆರಳಿಗೆ ಬಂದಾಗಲೆಲ್ಲ ಮಗಳಿಗೆ ಅರ್ಧ ಲೋಟದಷ್ಟು ನೀರು ಅಥವಾ ಉಪ್ಪು ಹಾಕಿದ ನೀರುಮಜ್ಜಿಗೆ ಕೊಡಿ. ಮಜ್ಜಿಗೆಯನ್ನು ಐಸ್ ಜೊತೆ ಫ್ಲಾಸ್ಕ್‌ನಲ್ಲೇ ಒಯ್ಯಿರಿ, ಕಾರಿನಲ್ಲಿ ಬಿಟ್ಟ ಬಾಟಲಿಯ ಮಜ್ಜಿಗೆ ಬೇಡ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ನೀರು ಬೇಡ, ಹಾಲೇ ಸಾಕು. ಅಂಥ ಕೂಸನ್ನು ಈ ಬಿಸಿಲಿಗೆ ಕರೆತರುವುದೂ ಬೇಡ.

ಹೊತ್ತಿನ ವಿಚಾರಕ್ಕೆ, ತೆರೆದ ತಕ್ಷಣದ ಮೊದಲ ಗಂಟೆಯೇ ಒಳ್ಳೆಯದು. ಬಿಸಿಲು ಎಳೆಯದು, ಮಕ್ಕಳು ಕಡಿಮೆ, ಕ್ಲೋರಿನ್ ಇನ್ನೂ ಸವೆದಿರುವುದಿಲ್ಲ. ಡಲ್ಲಾಸ್ ಸುತ್ತಮುತ್ತ ದಿನದ ಅತಿ ಹೆಚ್ಚು ಶಾಖ ಇರುವುದು ಮಧ್ಯಾಹ್ನ ಮೂರರಿಂದ ಆರರವರೆಗೆ, ಆಫೀಸು ಮುಗಿಸಿ ಐದು ಗಂಟೆಗೆ ಹೋಗುತ್ತೇವೆ ಎನ್ನುವವರಿಗೆ ಇದು ಗೊತ್ತಿರುವುದಿಲ್ಲ. ಮೊದಲು ಗುಂಡಿ ಒತ್ತಿದಾಗ ಬರುವ ನೀರನ್ನು ನಿಮ್ಮ ಕೈಗೆ ಬಿಟ್ಟುಕೊಂಡು ನೋಡಿ. ಮೇಲಿನ ಲೋಹದ ಪೈಪಿನಲ್ಲಿ ನಿಂತ ನೀರು ಬಿಸಿಲಿಗೆ ಕಾದಿರುತ್ತದೆ. ಅದಕ್ಕಿಂತ ಹೆಚ್ಚು ಸುಡುವುದು ನೆಲ. ನೀರು ಬೀಳುವ ಜಾಗ ತಂಪಾಗಿರುತ್ತದೆ, ಒಂದು ಹೆಜ್ಜೆ ಆಚೆ ಒಣಗಿದ ಕಪ್ಪು ರಬ್ಬರ್ ಹಾಸು ಅಥವಾ ಕಾಂಕ್ರೀಟ್ ಕೆಂಡದಂತಿರುತ್ತದೆ. 38 ಡಿಗ್ರಿ ಬಿಸಿಲಿನಲ್ಲಿ ಡಾಂಬರು 60 ಡಿಗ್ರಿ ದಾಟುತ್ತದೆ, ಆ ಶಾಖಕ್ಕೆ ಎಳೆ ಪಾದದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಬೊಬ್ಬೆ ಏಳುತ್ತದೆ. ನೀರಿನಲ್ಲಿ ನೆಂದು ಮೆತ್ತಗಾದ ಪಾದ ಇನ್ನೂ ಬೇಗ ಸುಡುತ್ತದೆ. ಅಂಗೈ ಹಿಂಭಾಗವನ್ನು ನೆಲಕ್ಕೆ ಐದು ಸೆಕೆಂಡ್ ಒತ್ತಿ ಹಿಡಿಯಲಾಗದಿದ್ದರೆ ಮಗುವಿನ ಬರಿಗಾಲು ಅಲ್ಲಿ ಬೀಳಬಾರದು. ರಬ್ಬರ್ ತಳದ ವಾಟರ್ ಶೂ ಹಾಕಿಸಿ. ಜಾರಿ ಹಲ್ಲು ಮುರಿದುಕೊಳ್ಳುವುದನ್ನೂ ಅದು ತಡೆಯುತ್ತದೆ, ಓಡುವ ದೊಡ್ಡ ಮಕ್ಕಳು ಸಣ್ಣವರಿಗೆ ಡಿಕ್ಕಿ ಹೊಡೆದೂ ಈ ಜಾಗಗಳಲ್ಲಿ ಪೆಟ್ಟಾಗಬಹುದು. ಹೊರಡುವಾಗ ಕಾರ್ ಸೀಟಿನ ಲೋಹದ ಬಕಲ್ ಮುಟ್ಟಿ ನೋಡಿ, ಬರುವಾಗಲೇ ಅದರ ಮೇಲೊಂದು ಬಿಳಿ ಟವೆಲ್ ಹೊದಿಸಿಟ್ಟಿದ್ದರೆ ಒಳ್ಳೆಯದು. ಟವೆಲ್ ತರುತ್ತೇನೆಂದು ಮಗುವನ್ನು ಕಾರಿನಲ್ಲಿ ಎರಡು ನಿಮಿಷವೂ ಬಿಡಬೇಡಿ, ಹತ್ತೇ ನಿಮಿಷದಲ್ಲಿ ಒಳಗಿನ ಶಾಖ ಹನ್ನೊಂದು ಡಿಗ್ರಿಯಷ್ಟು ಏರುತ್ತದೆ.

ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಕಿಲ್ಲ ಎನ್ನುವವರೂ ಇದ್ದಾರೆ. ಕಂದು ಚರ್ಮವೂ ಸುಡುತ್ತದೆ, ಕೆಂಪು ಅಷ್ಟಾಗಿ ಕಾಣುವುದಿಲ್ಲ ಅಷ್ಟೇ. ಉದ್ದ ತೋಳಿನ ಈಜುಡುಗೆ, ಕತ್ತು ಮುಚ್ಚುವ ಟೋಪಿ, ಉಳಿದ ಕಡೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಹೊರಡುವ ಕಾಲು ಗಂಟೆ ಮೊದಲು. ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಬೇಕು.

ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ತಲೆನೋವು, ಹೊಟ್ಟೆ ತೊಳಸುವಿಕೆ ಎಂದರೆ, ಅತ್ತರೂ ಕಣ್ಣೀರು ಬಾರದಿದ್ದರೆ ಅವತ್ತಿನ ಆಟ ಮುಗಿಯಿತು: ನೆರಳು, ನೀರು, ಎಸಿ. ಮಾತು ತೊದಲಿದರೆ, ಕರೆದರೆ ಓಗೊಡದಿದ್ದರೆ ಅದು ಬಿಸಿಲಿನ ಹೊಡೆತ. 911ಕ್ಕೆ ಫೋನ್ ಮಾಡಿ, ಆ್ಯಂಬುಲೆನ್ಸ್ ಬರುವವರೆಗೆ ಅದೇ ಕಾರಂಜಿಯ ನೀರನ್ನು ಮೈಮೇಲೆ ಸುರಿಯುತ್ತಿರಿ, ಬಾಯಿಗೆ ಏನೂ ಹಾಕಬೇಡಿ. ಗುಡುಗು ಕೇಳಿಸಿದರೆ ಎಲ್ಲರೂ ಹೊರಗೆ, ಕೊನೆಯ ಗುಡುಗಾಗಿ ಅರ್ಧ ಗಂಟೆಯವರೆಗೆ ಮರಳಿ ಹೋಗುವಂತಿಲ್ಲ.

ನಗರದ ಅಲಂಕಾರಕ್ಕೆಂದು ಕಟ್ಟಿದ ಕಾರಂಜಿ, ಕೊಳಗಳಿಗೆ ಮಾತ್ರ ಮಕ್ಕಳನ್ನು ಇಳಿಸಬೇಡಿ. ಅವುಗಳ ನೀರನ್ನು ಮೈಗೆ ತಾಗುವ ಲೆಕ್ಕದಲ್ಲಿ ನೋಡಿಕೊಳ್ಳುವುದಿಲ್ಲ. ಮುಳುಗುವ ಅಪಾಯವೂ ಇದೆ: 2004ರಲ್ಲಿ ಫೋರ್ಟ್ ವರ್ತ್ ವಾಟರ್ ಗಾರ್ಡನ್ಸ್‌ನ ಕೊಳದಲ್ಲಿ ನಾಲ್ವರು ಮುಳುಗಿ ಸತ್ತರು.

ಈ ಒಂಬತ್ತು ದಿನ ಮಗನಿಗೆ ಮನೆಯ ಹಿತ್ತಲಿನಲ್ಲೇ ನೀರಾಟ ಮಾಡಿಸಿ. ಬಿಸಿಲಿಗೆ ಬಿದ್ದಿದ್ದ ಹೋಸ್ ಪೈಪಿನ ಮೊದಲ ನೀರು ಕೈಸುಡುವಷ್ಟು ಬಿಸಿಯಿರುತ್ತದೆ, ಅದನ್ನು ಗಿಡಕ್ಕೂ ಬಿಡದೆ ಹುಲ್ಲಿನ ಅಂಚಿಗೆ ಹರಿಯಬಿಟ್ಟು, ತಣ್ಣಗಾದ ಮೇಲೆ ಸಣ್ಣ ಟಬ್‌ಗೆ ಒಂದು ಗೇಣಿಗಿಂತ ಕಡಿಮೆ ತುಂಬಿ. ಅಷ್ಟು ನೀರಿನಲ್ಲೂ ಹದಿನಾಲ್ಕು ತಿಂಗಳ ಮಗು ಮುಳುಗಬಲ್ಲದು, ನಿಮ್ಮ ಕೈ ಅವನ ಮೈಗೆ ಎಟುಕುವಷ್ಟು ಹತ್ತಿರದಲ್ಲಿರಿ. ಅಕ್ಕನನ್ನು ಅದೇ ಟಬ್‌ಗೆ ಕೂರಿಸಬೇಡಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿ ಟಬ್ ಮಗುಚಿ ಒಣಗಿಸಿ.

ಇಷ್ಟೆಲ್ಲ ನೋಡಿಕೊಂಡೂ ಸ್ಪ್ಲಾಶ್ ಪ್ಯಾಡ್‌ಗೆ ಹೋಗಿಬಂದ ಎರಡರಿಂದ ಹತ್ತು ದಿನದೊಳಗೆ ನೀರುನೀರಾದ ಭೇದಿ ಶುರುವಾಗಿ ಮೂರು ದಿನಕ್ಕೂ ನಿಲ್ಲದಿದ್ದರೆ, ಓಆರ್‌ಎಸ್ ಕುಡಿಸುತ್ತಾ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಮಲಪರೀಕ್ಷೆ ಬರೆದುಕೊಟ್ಟರೆ ಕ್ರಿಪ್ಟೋ ಪರೀಕ್ಷೆಯೂ ಸೇರಿದೆಯೇ ಎಂದು ಕೇಳಿ, ಏಕೆಂದರೆ ಹುಳ, ಮೊಟ್ಟೆ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಅದನ್ನು ಹುಡುಕುವುದಿಲ್ಲ. ಒಂದು ವರ್ಷ ದಾಟಿದ ಮಕ್ಕಳಿಗೆ ಇದಕ್ಕೆ ನಿಟಾಜಾಕ್ಸನೈಡ್ ಎಂಬ ಔಷಧಿ ಇದೆ, ಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಕ್ರಿಪ್ಟೋ ಎಂದು ಖಚಿತವಾದರೆ ಕೌಂಟಿಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ, ಯಾವ ಪ್ಯಾಡ್, ಯಾವ ದಿನ, ಎಷ್ಟು ಗಂಟೆಗೆ ಹೋಗಿದ್ದಿರಿ ಎಂದು ತಿಳಿಸಿ. ಒಂದೇ ಪ್ಯಾಡ್‌ನ ಹೆಸರು ಎರಡು ಮೂರು ಮನೆಗಳಿಂದ ಬಂದರೆ ಆ ತೊಟ್ಟಿಯ ಮುಚ್ಚಳ ಬೇಗ ತೆರೆಯುತ್ತದೆ.